ಮದುವೆ ಮನೆಯ ಸ್ಯಾಕ್ಸೋಫೋನಿಂದ ಜಾಸಿಂಗೆ

"ಜಾಸ್ ಹೇಳ್ತ ಸಂಗೀತವ ಒಂದರಿ ಕೂದು ಕೇಳೆಕ್ಕು ಹೇಳಿ ಇದ್ದು, ಆದರೆ ಎಲ್ಲಿಂದ ಸುರು ಮಾಡುದು ಹೇಳಿಯೇ ಗೊಂತಾವ್ತಿಲ್ಲೆ." ಹೀಂಗೆ ಹೇಳುವವು ನಮ್ಮ ಮನೆಗಳಲ್ಲೂ ಈಗ ಸುಮಾರು ಜೆನ ಇದ್ದವು. ಮಕ್ಕೊ ಹೆರ ದೇಶಲ್ಲಿ ಇದ್ದವು, ಮೊಬೈಲಿಲಿ ಲೋಕದ ಸಂಗೀತ ಪೂರ ಇದ್ದು, ಹೊತ್ತೋಪಗ ರಜ್ಜ ಪುರುಸೊತ್ತೂ ಇದ್ದು. ಹುಡ್ಕಿರೆ ನೂರು ಹೆಸರು ಬತ್ತು. ಒಂದು ಹಾಕಿರೆ ಬರೇ ಗಲಾಟೆ ಹೇಳಿ ಕಾಣ್ತು. ಇನ್ನೊಂದು ಹಾಕಿರೆ ದೊಡ್ಡ ಹೋಟ್ಲಿನ ಲಿಫ್ಟಿಲಿ ಕೇಳ್ತ ಸಂಗೀತದ ಹಾಂಗೆ ಕಾಣ್ತು. ಎರಡು ದಿನಲ್ಲಿ ಬಿಟ್ಟಾತು.

ಈ ವಿಷಯಲ್ಲಿ ನವಗೆ ಒಂದು ಅನುಕೂಲ ಇದ್ದು. ಜಾಸಿನ ದೊಡ್ಡ ವಾದ್ಯ ಆದ ಸ್ಯಾಕ್ಸೋಫೋನು ದಕ್ಷಿಣ ಕನ್ನಡದವಕ್ಕೆ ಹೊಸತ್ತಲ್ಲ. ಮದುವೆ ಹಾಲಿಲಿ, ಜಾತ್ರೆಲಿ, ದೇವಸ್ಥಾನದ ಉತ್ಸವಲ್ಲಿ ಅದರ ಕೇಳಿಗೊಂಡೇ ನಾವು ದೊಡ್ಡ ಆದ್ದು. ಬೇರೆ ಊರಿನವಕ್ಕೆ ಅದರ ಸ್ವರ ಕೇಳಿರೆ ಸಿನೆಮಾದ ಕ್ಲಬ್ಬು ನೆಂಪಕ್ಕು. ನವಗೆ ನೆಂಪಪ್ಪದು ಧಾರೆಯ ಮುಹೂರ್ತ. ಆ ಪರಿಚಯವ ಹಿಡ್ಕೊಂಡು ಹೋದರೆ ಜಾಸ್ ಅಷ್ಟು ದೂರ ಇಲ್ಲೆ. ಅದಕ್ಕೆ ಮದಲು ರಜ್ಜ ಚರಿತ್ರೆ ನೋಡುವ. ಎಲ್ಲಿಂದ ಸುರು ಮಾಡುದು ಹೇಳ್ತ ಪ್ರಶ್ನೆಯ ಹಿಂದೆ ಇನ್ನೊಂದು ದೊಡ್ಡ ಪ್ರಶ್ನೆ ಇದ್ದು: ಈ ಸಂಗೀತ ಸುರು ಆದ್ದು ಎಲ್ಲಿ, ಆರಿಂದ?

ನಮ್ಮ ಕ್ರಮ ಎಂತರ ಹೇಳಿರೆ, ಏವದನ್ನೂ ಬುಡಂದ ಸುರು ಮಾಡುದು. ಸರಳೆ, ಜಂಟಿ, ಅಲಂಕಾರ, ಗೀತೆ, ಮತ್ತೆ ವರ್ಣ. ಜಾಸನ್ನೂ ಹಾಂಗೆ ಕೇಳುವ ಹೇಳಿ ಹೆರಟರೆ ಸಿಕ್ಕುದು 1917ರ ರೆಕಾರ್ಡು. ಆ ವರ್ಷ ಫೆಬ್ರವರಿಲಿ ನ್ಯೂಯಾರ್ಕಿಲಿ ವಿಕ್ಟರ್ ಕಂಪೆನಿಯವು 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್' ಹೇಳ್ತ ತಂಡದ ವಾದನವ ರೆಕಾರ್ಡು ಮಾಡಿದವು. ಜಾಸ್ ಹೇಳ್ತ ಹೆಸರಿಲಿ ಪೇಟೆಗೆ ಬಂದ ಸುರುವಾಣ ರೆಕಾರ್ಡು ಅದುವೇ. ಅದರಲ್ಲಿ ನುಡಿಸಿದ ಐದು ಜೆನವೂ ಬೆಳಿ ಜೆನಂಗೊ.

ಆದರೆ ಈ ಸಂಗೀತವ ಹುಟ್ಟುಸಿದವು ಅವು ಅಲ್ಲ. ಅಮೆರಿಕದ ದಕ್ಷಿಣಲ್ಲಿ, ಮಿಸಿಸಿಪ್ಪಿ ಹೊಳೆ ಕಡಲು ಸೇರ್ತ ಜಾಗೆಗೆ ಹತ್ತರೆ ನ್ಯೂ ಆರ್ಲಿಯನ್ಸ್ ಹೇಳಿ ಒಂದು ಪೇಟೆ ಇದ್ದು. 1900ರ ಆಚೆ ಈಚೆ ಅಲ್ಯಾಣ ಕಪ್ಪು ಜೆನಂಗೊ ಕಟ್ಟಿದ ಸಂಗೀತ ಇದು. ಗುಲಾಮರಾಗಿ ಹಡಗಿಲಿ ತಂದವರ ಮಕ್ಕೊ, ಪುಳ್ಯಕ್ಕೊ ಅವು. ಚರ್ಚಿನ ಹಾಡು, ಗದ್ದೆ ಕೆಲಸದ ಹಾಡು, ಬ್ಲೂಸ್, ರ‍್ಯಾಗ್‌ಟೈಮ್ ಪಿಯಾನೊ, ಮೆರವಣಿಗೆಯ ಬ್ಯಾಂಡು – ಇದೆಲ್ಲ ಒಟ್ಟು ಸೇರಿ ಜಾಸ್ ಆದ್ದು. ಆ ಕಾಲದ ದೊಡ್ಡ ಹೆಸರು ಬಡ್ಡಿ ಬೋಲ್ಡನ್. ಕಾರ್ನೆಟ್ ಹೇಳ್ತ ಸಣ್ಣ ತುತ್ತೂರಿಯ ನುಡಿಸಿಗೊಂಡಿತ್ತಿದ್ದವು. 1907ರಲ್ಲಿ ಅವರ ಮಾನಸಿಕ ಆಸ್ಪತ್ರೆಗೆ ಸೇರ್ಸಿದವು. 1931ರಲ್ಲಿ ಅಲ್ಲಿಯೇ ತೀರಿಹೋದವು. ಅವು ನುಡಿಸಿದ ಒಂದೇ ಒಂದು ರೆಕಾರ್ಡೂ ಇಂದು ಒಳುದ್ದಿಲ್ಲೆ.

ನ್ಯೂ ಆರ್ಲಿಯನ್ಸಿನ ಕಪ್ಪು ಕಲಾವಿದರ ವಾದನ ಸುಮಾರು ರೆಕಾರ್ಡುಗಳಲ್ಲಿ ಸಿಕ್ಕೆಕ್ಕಾರೆ 1923ರ ವರೆಗೆ ಕಾಯೆಕ್ಕು. ಕಿಂಗ್ ಆಲಿವರ್ ಅವರ ತಂಡ ಇಂಡಿಯಾನ ರಾಜ್ಯದ ರಿಚ್ಮಂಡ್ ಹೇಳ್ತ ಸಣ್ಣ ಪೇಟೆಗೆ ಹೋಗಿ ಗೆನೆಟ್ ಕಂಪೆನಿಗೆ ನುಡಿಸಿತ್ತು. ಅದರಲ್ಲಿ ಎರಡ್ನೇ ಕಾರ್ನೆಟ್ ಹಿಡ್ಕೊಂಡು ನಿಂದದು 21 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್. ಅಂಬಗ ಮೈಕ್ ಇತ್ತಿಲ್ಲೆ. ದೊಡ್ಡ ಒಂದು ಕೊಳವೆಯ ಬಾಯಿಯ ಎದುರು ಎಲ್ಲೋರೂ ಸೇರಿ ನುಡಿಸೆಕ್ಕು. ಆರ್ಮ್‌ಸ್ಟ್ರಾಂಗಿನ ಸ್ವರ ಬಾಕಿಪ್ಪವರ ಮುಚ್ಚಿ ಹಾಕುತ್ತು ಹೇಳಿ ಅವರ ಸುಮಾರು ದೂರ ನಿಲ್ಸಿದವು ಹೇಳ್ತ ಕತೆ ಇದ್ದು.

ಹಾಂಗಾಗಿ ರೆಕಾರ್ಡಿನ ಸುರುವೂ ಸಂಗೀತದ ಸುರುವೂ ಒಂದೇ ಅಲ್ಲ. ಬುಡಲ್ಲಿ ಇತ್ತಿದ್ದವಕ್ಕೆ ರೆಕಾರ್ಡು ಮಾಡುವ ಕೋಣೆಯ ಬಾಗಿಲು ಮದಲು ತೆಗದ್ದಿಲ್ಲೆ. ಅಷ್ಟೂ ಅಲ್ಲದ್ದೆ, ಆ ಹಳೆ ರೆಕಾರ್ಡುಗೊ ಆಚೆಮನೆಯ ಗೋಡೆಯ ಆ ಹೊಡೆಂದ ಕೇಳಿದ ಹಾಂಗೆ ಕೇಳ್ತು. ಹೊಸತ್ತಾಗಿ ಬಂದವಕ್ಕೆ ಅಲ್ಲಿ ಕಾಲು ಊರ್ಲೆ ಕಷ್ಟ. ಅದರ ಮತ್ತೆ ಕೇಳುಲಕ್ಕು. ನಾವು ಸ್ಯಾಕ್ಸೋಫೋನಿನ ಹಿಂದೆ ಹೋಪ.

ಅದರ ಮಾಡಿದವು ಅಡಾಲ್ಫ್ ಸ್ಯಾಕ್ಸ್. 1814ರಲ್ಲಿ ಬೆಲ್ಜಿಯಂನ ದಿನಾಂ ಹೇಳ್ತ ಊರಿಲಿ ಹುಟ್ಟಿದವು. 1846ರಲ್ಲಿ ಪ್ಯಾರಿಸಿಲಿ ಪೇಟೆಂಟ್ ತೆಗದವು. ಮೈ ಹಿತ್ತಾಳೆದು, ಆದರೆ ಬಾಯಿಲಿ ಮಡುಗುವಲ್ಲಿ ಓಟೆಯಂತಾ ಒಂದು ರೀಡು. ನಾಗಸ್ವರಕ್ಕೆ ಜೋಡು ರೀಡು, ಇದಕ್ಕೆ ಒಂಟಿ. ಮಿಲಿಟರಿ ಬ್ಯಾಂಡಿಂಗೆ ದೊಡ್ಡ ಸ್ವರದ ವಾದ್ಯ ಬೇಕು ಹೇಳಿ ಅದಕ್ಕೆ ಬೇಡಿಕೆ ಬಂತು. ಸ್ಯಾಕ್ಸ್ ಅವಕ್ಕೆ ಇದರಿಂದ ಪೈಸೆ ಒಳುದ್ದಿಲ್ಲೆ. ದಿವಾಳಿ ಆಗಿ, ಬಡತನಲ್ಲಿಯೇ 1894ರಲ್ಲಿ ತೀರಿಹೋದವು. ವಾದ್ಯ ಮಾಂತ್ರ ಬ್ಯಾಂಡುಗಳ ಒಟ್ಟಿಂಗೆ ಲೋಕ ಪೂರ ತಿರುಗಿತ್ತು. ಒಂದು ದಾರಿಲಿ ಅಮೆರಿಕಕ್ಕೆ ಹೋತು, ಇನ್ನೊಂದು ದಾರಿಲಿ ಮೈಸೂರು ಅರಮನೆಯ ಬ್ಯಾಂಡಿಂಗೆ ಬಂತು.

ಅಮೆರಿಕಲ್ಲಿ ಸುರುವಿಂಗೆ ಅದರ ತಮಾಷೆಯ ವಾದ್ಯ ಹೇಳಿಯೇ ಗ್ರೇಶಿಗೊಂಡಿತ್ತಿದ್ದವು. ಅದಕ್ಕೆ ಗೌರವ ತಂದವು ಕೋಲ್ಮನ್ ಹಾಕಿನ್ಸ್. 1939 ಅಕ್ಟೋಬರ್ 11ಕ್ಕೆ ಅವು 'ಬಾಡಿ ಅಂಡ್ ಸೋಲ್' ಹೇಳ್ತ ಆಗಾಣ ಒಂದು ಪ್ರೇಮದ ಹಾಡಿನ ಟೆನರ್ ಸ್ಯಾಕ್ಸೋಫೋನಿಲಿ ನುಡಿಸಿದವು. ಮೂಲ ಹಾಡಿನ ರಜ್ಜವೇ ರಜ್ಜ ನೆಂಪು ಮಾಡಿಕೊಟ್ಟು ಮುಂದೆ ಮೂರು ನಿಮಿಷ ಪೂರ ಮನೋಧರ್ಮಲ್ಲಿ ಹೋದವು. ಹಾಂಗಿದ್ದರೂ ಆ ರೆಕಾರ್ಡು ತುಂಬ ಖರ್ಚಾತು. ಒಬ್ಬ ಕಲಾವಿದ ಆ ಕ್ಷಣಲ್ಲಿ ಆಲೋಚನೆ ಮಾಡುದರ ಕೇಳ್ಲೆ ಸಾಮಾನ್ಯ ಜೆನರೂ ಪೈಸೆ ಕೊಡ್ತವು ಹೇಳಿ ಗೊಂತಾತು.

ಮನೋಧರ್ಮ ಹೇಳುವಗ ಒಂದು ವೆತ್ಯಾಸ ತಿಳ್ಕೊಳೆಕ್ಕು. ನವಗೆ ಹಿಂದಂದ ತಂಬೂರಿ ಇರ್ತು. ಷಡ್ಜ ಅಲುಗ್ತಿಲ್ಲೆ, ರಾಗ ಬೆಳೆತ್ತು. ಜಾಸಿಲಿ ಅಡಿಯಾಣ ನೆಲವೇ ಬದಲಿಗೊಂಡಿರ್ತು. ಪಿಯಾನೊ, ಬೇಸ್ ಸೇರಿ ಬೇರೆ ಬೇರೆ ಸ್ವರಗುಚ್ಛಂಗಳ ಒಂದು ಕ್ರಮಲ್ಲಿ ನುಡಿಸುತ್ತವು. ಆ ಕ್ರಮ ಮುಗುದಪ್ಪಗ ಪುನಾ ಸುರು. ಅದರ ಮೇಲೆ ಒಬ್ಬೊಬ್ಬನೇ ತನ್ನ ಮಾತಿನ ಹೇಳುದು. ನಮ್ಮ ಕೆಮಿ ಷಡ್ಜವ ಹುಡ್ಕಿ ಹುಡ್ಕಿ ಬಚ್ಚುದು ಅದಕ್ಕೇ. ಷಡ್ಜವ ಹುಡ್ಕೆಡಿ, ಆವರ್ತವ ಹಿಡ್ಕೊಳ್ಳಿ. ಅದು ತಾಳದ ಹಾಂಗೆ ತಿರುಗಿ ತಿರುಗಿ ಬತ್ತು.

ಸುರುವಿಂಗೆ ಒಂದೇ ಒಂದು ಕೇಳ್ತರೆ ಏವದರ ಹೇಳಿ ಆರಾರೂ ಕೇಳಿರೆ ಎನ್ನ ಉತ್ತರ 'ಫೈನ್ ಅಂಡ್ ಮೆಲ್ಲೋ'. ಅದರಲ್ಲಿಯೂ 1957 ಡಿಸೆಂಬರ್ 8ಕ್ಕೆ ಅಮೆರಿಕದ ಸಿ.ಬಿ.ಎಸ್. ಟೀವಿಲಿ 'ದಿ ಸೌಂಡ್ ಆಫ್ ಜಾಸ್' ಹೇಳ್ತ ಕಾರ್ಯಕ್ರಮಲ್ಲಿ ನೇರಪ್ರಸಾರ ಆದ್ದು. ಅದರ ಚಿತ್ರ ಇದ್ದು, ನೋಡ್ಲೂ ಎಡಿಗು. ಎಂಟೊಂಬತ್ತು ನಿಮಿಷದ್ದು.

ಹಾಡಿದ್ದು ಬಿಲಿ ಹಾಲಿಡೇ. ಹಾಡು ಅವ್ವೇ ಕಟ್ಟಿದ್ದು, 1939ರಲ್ಲಿ ಸುರುವಿಂಗೆ ರೆಕಾರ್ಡು ಆದ್ದು. ಆ ರೆಕಾರ್ಡಿನ ಇನ್ನೊಂದು ಮಗ್ಗಿಲಿಲಿ ಇದ್ದದು 'ಸ್ಟ್ರೇಂಜ್ ಫ್ರೂಟ್' – ಕಪ್ಪು ಜೆನರ ಗುಂಪು ಸೇರಿ ಕೊಂದು ಮರಕ್ಕೆ ನೇಲುಸುತ್ತ ಕ್ರೌರ್ಯದ ಬಗ್ಗೆ ಇಪ್ಪ ಹಾಡು. ಅವರ ದೊಡ್ಡ ಕಂಪೆನಿ ಕೊಲಂಬಿಯ ಅದರ ರೆಕಾರ್ಡು ಮಾಡ್ಲೆ ಒಪ್ಪಿದ್ದಿಲ್ಲೆ. ಕೊಮೊಡೋರ್ ಹೇಳ್ತ ಸಣ್ಣ ಕಂಪೆನಿ ಮಾಡಿತ್ತು. ಒಂದು ಮಗ್ಗಿಲಿಲಿ ಮರಂದ ನೇತ ಹೆಣ, ಇನ್ನೊಂದು ಮಗ್ಗಿಲಿಲಿ ತನ್ನ ಪ್ರೀತಿಯ ಮನುಷ್ಯನ ಮೇಲಾಣ ದೂರು.

ಈ ಹಾಡು ಒಂದು ಬ್ಲೂಸ್. ಬ್ಲೂಸಿನ ಲೆಕ್ಕ ನವಗೆ ಸುಲಭ. ಒಂದು ಸುತ್ತಿಂಗೆ 12 ಬಾರ್, ಒಂದು ಬಾರಿಂಗೆ 4 ಏಣಿಕೆ, ಒಟ್ಟು 48. ಆದಿತಾಳ ಹಾಕಿರೆ ಸರೀ ಆರು ಆವರ್ತ. ನಿಧಾನದ ನಡೆ, ತೊಡೆಲಿ ತಾಳ ಹಾಕಿಗೊಂಡೇ ಕೇಳಿ. ಆರು ಆವರ್ತಕ್ಕೆ ಒಂದು ಚರಣ ಮುಗಿತ್ತು, ಇನ್ನೊಬ್ಬನ ಸರದಿ ಬತ್ತು. ಎರಡು ಸರ್ತಿ ಹೀಂಗೆ ಲೆಕ್ಕ ಹಾಕಿರೆ ಮೂರ್ನೇ ಸರ್ತಿಗೆ ತಾಳ ಹಾಕೆಕ್ಕು ಹೇಳಿಯೇ ಇಲ್ಲೆ, ತಿರುಗುವ ಜಾಗೆ ತನ್ನಷ್ಟಕ್ಕೆ ಗೊಂತಾವ್ತು.

ಆ ದಿನ ಒಂದೇ ಹಾಡಿಲಿ ಟೆನರ್ ಸ್ಯಾಕ್ಸೋಫೋನಿನ ಮೂರು ದೊಡ್ಡ ಜೆನ ಇತ್ತಿದ್ದವು – ಬೆನ್ ವೆಬ್‌ಸ್ಟರ್, ಲೆಸ್ಟರ್ ಯಂಗ್, ಮದಲೆ ಹೇಳಿದ ಕೋಲ್ಮನ್ ಹಾಕಿನ್ಸ್. ಒಂದೇ ವಾದ್ಯ, ಒಂದೇ ಸುತ್ತು, ಆದರೆ ಮೂರು ಬೇರೆ ಬೇರೆ ಮನುಷ್ಯರು. ವೆಬ್‌ಸ್ಟರಿನ ಸ್ವರಲ್ಲಿ ಉಸಿರು ಕೇಳ್ತು, ಹತ್ತರೆ ಕೂದು ಗುಟ್ಟು ಹೇಳಿದ ಹಾಂಗೆ. ಹಾಕಿನ್ಸ್ ದೊಡ್ಡ ಸ್ವರಲ್ಲಿ, ತರ್ಕ ಮಾಡಿದ ಹಾಂಗೆ ಮಾತಾಡ್ತವು. ಇವರಿಬ್ರ ಎಡಕ್ಕಿಲಿ ಯಂಗ್.

ಲೆಸ್ಟರ್ ಯಂಗಿನ ಕತೆ ಬೇರೆ. 1930ರ ದಶಕಲ್ಲಿ ಅವುದೇ ಬಿಲಿಯುದೇ ಸೇರಿ ಮಾಡಿದ ರೆಕಾರ್ಡುಗೊ ಇಂದಿಂಗೂ ಮುಟ್ಟಿರೆ ಬೆಶಿ ಬೆಶಿ. ಅವು ಬಿಲಿಗೆ 'ಲೇಡಿ ಡೇ' ಹೇಳಿ ಹೆಸರು ಮಡಗಿದವು, ಬಿಲಿ ಅವಕ್ಕೆ 'ಪ್ರೆಝ್' ಹೇಳಿ – ಪ್ರೆಸಿಡೆಂಟ್ ಹೇಳುದರ ಚುಟುಕು. 1944ರಲ್ಲಿ ಯಂಗಿನ ಸೈನ್ಯಕ್ಕೆ ಸೇರ್ಸಿದವು. ಮತ್ತಾಣ ವರ್ಷ ಮಾದಕವಸ್ತು ಸಿಕ್ಕಿತ್ತು ಹೇಳಿ ಕೋರ್ಟ್ ಮಾರ್ಷಲ್ ಆಗಿ ಸೆರೆಲಿ ಮಡಗಿದವು. ಬಿಲಿಗೂ 1947ರಲ್ಲಿ ಹಾಂಗಿಪ್ಪದೇ ಕೇಸಿಲಿ ಜೈಲಾತು. ಹೆರ ಬಂದ ಮತ್ತೆ ನ್ಯೂಯಾರ್ಕಿನ ಪೋಲೀಸರು ಅವಕ್ಕೆ 'ಕ್ಯಾಬರೆ ಕಾರ್ಡ್' ಕೊಟ್ಟಿದ್ದವಿಲ್ಲೆ. ಆ ಕಾರ್ಡು ಇಲ್ಲದ್ದರೆ ಅಲ್ಲಿ ಮದ್ಯ ಮಾರ್ತ ಕ್ಲಬ್ಬಿಲಿ ಹಾಡ್ಲೆ ಇಲ್ಲೆ. ಕಾರ್ನೆಗಿ ಹಾಲಿಲಿ ಹಾಡ್ಲಕ್ಕು, ಸಾವಿರಗಟ್ಟಲೆ ಜೆನ ಬಕ್ಕು. ಆದರೆ ದಿನದ ಅಶನ ಹುಟ್ಟುವ ಜಾಗೆ ಕ್ಲಬ್ಬು, ಅದು ಮುಚ್ಚಿತ್ತು.

ಟೀವಿ ಕಾರ್ಯಕ್ರಮದ ದಿನ ಬಿಲಿಗೆ 42, ಯಂಗಿಂಗೆ 48 ವರ್ಷ. ಯಂಗಿಂಗೆ ಸೌಖ್ಯ ಇತ್ತಿಲ್ಲೆ. ವೆಬ್‌ಸ್ಟರ್ ಮುಗುಶಿದ ಮೇಲೆ ಎದ್ದು ಬಂದು ಒಂದೇ ಸುತ್ತು ನುಡಿಸಿದವು. ಆರು ಆದಿತಾಳ. ಸ್ವರ ತುಂಬ ಕಮ್ಮಿ, ಎಡೆ ಎಡೆಲಿ ಖಾಲಿ. ಕೆಮರ ಬಿಲಿಯ ಮೋರೆಯ ತೋರ್ಸುತ್ತು; ಅವು ತಲೆ ಆಡ್ಸಿಗೊಂಡು ಯಂಗಿನನ್ನೇ ನೋಡ್ತಾ ಇದ್ದವು. ಒಂದೂಕಾಲು ವರ್ಷಲ್ಲಿ, 1959 ಮಾರ್ಚಿಲಿ ಯಂಗ್ ಹೋದವು. ಅದೇ ಜುಲೈಲಿ ಬಿಲಿಯೂ ಹೋದವು.

ಈ ಕತೆ ಗೊಂತಿಲ್ಲದ್ದೆ ಕೇಳಿರೂ ಆ ಸುತ್ತು ಲಾಯಿಕವೇ. ಕತೆ ಗೊಂತಿಪ್ಪಗ, ಅಲ್ಲಿ ಖಾಲಿ ಬಿಟ್ಟ ಜಾಗೆಯೂ ಕೇಳ್ತು. ಪಟ್ಟಿ ಹಿಡ್ಕೊಂಡು ನೂರು ಹೆಸರು ಕೇಳುದಕ್ಕಿಂತ ಒಂದು ಹಾಡಿನ ಹತ್ತು ಸರ್ತಿ ಕೇಳುದು ಒಳ್ಳೆದು ಹೇಳಿ ಆನು ಹೇಳುದು ಇದಕ್ಕೇ.

ಎರಡ್ನೇದು, ಅದೇ 1959ರದ್ದು: ಮೈಲ್ಸ್ ಡೇವಿಸಿನ 'ಕೈಂಡ್ ಆಫ್ ಬ್ಲೂ'. ಮಾರ್ಚಿಲಿ ಒಂದು ದಿನ, ಏಪ್ರಿಲಿಲಿ ಒಂದು ದಿನ – ಎರಡೇ ದಿನದ ರೆಕಾರ್ಡಿಂಗು. ಜಾಸ್ ಕೇಳುವವು ಎಲ್ಲೋರೂ ಇದರ ಹೇಳ್ತವು. ನಮ್ಮ ಕೆಮಿಗೆ ಇದು ಹತ್ತರೆ ಅಪ್ಪಲೆ ಒಂದು ಕಾರಣ ಇದ್ದು. ಅದಕ್ಕಿಂತ ಮದಲು 1940ರ ದಶಕಲ್ಲಿ ಚಾರ್ಲಿ ಪಾರ್ಕರ್ ಮುಂತಾದವು ಕಟ್ಟಿದ ಬಿಬಾಪ್ ಹೇಳ್ತ ಕ್ರಮಲ್ಲಿ ಸ್ವರಗುಚ್ಛಂಗೊ ತುಂಬ ಬೇಗ ಬೇಗ ಬದಲಿಗೊಂಡಿತ್ತು. ಡೇವಿಸ್ ಅದರ ಬಿಟ್ಟು, ಒಂದೇ ಮೇಳಲ್ಲಿ ಸುಮಾರು ಹೊತ್ತು ನಿಂಬಲೆ ಜಾಗೆ ಮಾಡಿದವು.

ಅದರ ಸುರುವಾಣ 'ಸೋ ವಾಟ್' ಕೇಳಿ. ಅದರ ಸ್ವರಸ್ಥಾನಂಗೊ ನಮ್ಮ ಖರಹರಪ್ರಿಯದ್ದೇ. ಗಮಕ ಇಲ್ಲೆ, ರಾಗದ ನಡೆ ಇಲ್ಲೆ, ಹಾಂಗಾಗಿ ಖರಹರಪ್ರಿಯ ಹೇಳಿ ಹೇಳ್ಲೆಡಿಯ. ಆದರೆ ಮನೆಗೊ ಅವ್ವೇ. ಒಂದು ಸುತ್ತು 32 ಬಾರ್, ಹೇಳಿರೆ 16 ಆದಿತಾಳ. ಸುರುವಾಣ ಎಂಟು ಆವರ್ತ ಶ್ರುತಿ ಬೆಳಿ ಎರಡು. ಮತ್ತೆ ನಾಲ್ಕು ಆವರ್ತ ಅಷ್ಟನ್ನೂ ಎತ್ತಿ ಕಪ್ಪು ಎರಡಕ್ಕೆ ಮಡುಗುತ್ತವು. ಅಖೇರಿಯಾಣ ನಾಲ್ಕಕ್ಕೆ ಪುನಾ ಬೆಳಿ ಎರಡು. ಯಕ್ಷಗಾನದ ಹಾರ್ಮೋನಿಯಂ ಶ್ರುತಿ ಗೊಂತಿಪ್ಪವಕ್ಕೆ ಈ ಏರಿದ್ದು, ಇಳುದ್ದು ಕೂಡ್ಲೆ ಸಿಕ್ಕುಗು. ಸುರುವಿಂಗೆ ಬೇಸ್ ಪ್ರಶ್ನೆ ಕೇಳಿದ ಹಾಂಗೆ, ಬಾಕಿಪ್ಪವು ಎರಡೇ ಪೆಟ್ಟಿಲಿ ಉತ್ತರ ಕೊಟ್ಟ ಹಾಂಗೆ ಬತ್ತು. ಮತ್ತೆ ಡೇವಿಸ್ ತುತ್ತೂರಿಲಿ ಎರಡು ಸುತ್ತು. ಅದಾದ ಮೇಲೆ ಎರಡು ಸ್ಯಾಕ್ಸೋಫೋನು: ಜಾನ್ ಕೋಲ್ಟ್ರೇನ್ ಟೆನರಿಲಿ, ಕ್ಯಾನನ್‌ಬಾಲ್ ಆಡರ್ಲೀ ಆಲ್ಟೊಲಿ. ಕೋಲ್ಟ್ರೇನ್ ಹುಡ್ಕುತ್ತವು, ಆಡರ್ಲೀ ನೆಗೆ ಮಾಡ್ತವು. ಮತ್ತೆ ಬಿಲ್ ಇವಾನ್ಸ್ ಪಿಯಾನೊ.

ಈ ರೆಕಾರ್ಡು 1959 ಆಗಸ್ಟ್ 17ಕ್ಕೆ ಹೆರ ಬಂತು. ಅದಾಗಿ ಎಂಟ್ನೇ ದಿನ ಡೇವಿಸ್ ನ್ಯೂಯಾರ್ಕಿನ 'ಬರ್ಡ್‌ಲ್ಯಾಂಡ್' ಕ್ಲಬ್ಬಿಲಿ ನುಡಿಸಿಗೊಂಡಿತ್ತಿದ್ದವು. ಎಡೆಲಿ ಹೆರ ಬಂದು ಮಾರ್ಗದ ಕರೆಲಿ ನಿಂದಿಪ್ಪಗ ಪೋಲೀಸ° ಒಬ್ಬ° ಇಲ್ಲಿಂದ ಹೋಗು ಹೇಳಿದ°. ಡೇವಿಸ್ ಹೋಯಿದವಿಲ್ಲೆ, ಆನು ಇಲ್ಲಿಯೇ ಕೆಲಸ ಮಾಡುದು ಹೇಳಿದವು. ತಲೆ ಒಡದು ನೆತ್ತರು ಹರಿವ ಹಾಂಗೆ ಬಡುದು ಕರಕ್ಕೊಂಡು ಹೋದವು. ಆ ಕ್ಲಬ್ಬಿನ ಬೋರ್ಡಿಲಿ ಇದ್ದದು ಅವರದ್ದೇ ಹೆಸರು. ಅಷ್ಟು ಶಾಂತ ಇಪ್ಪ ಸಂಗೀತವ ಕೇಳುವಗ, ಅದರ ನುಡಿಸಿದವಕ್ಕೆ ಮಾರ್ಗಲ್ಲಿ ಶಾಂತಿ ಇತ್ತಿಲ್ಲೆ ಹೇಳುದು ನೆಂಪಿರಲಿ.

ಇನ್ನು ಅರಮನೆಯ ದಾರಿಲಿ ಬಂದ ಸ್ಯಾಕ್ಸೋಫೋನು. ಬಂಟ್ವಾಳ ತಾಲೂಕಿನ ಸಜೀಪಮೂಡಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ಅಪ್ಪ ನಾಗಸ್ವರ ವಿದ್ವಾಂಸರು. ಗೋಪಾಲನಾಥರು ಸ್ಯಾಕ್ಸೋಫೋನಿಂಗೆ ಮನಸ್ಸು ಕೊಟ್ಟದು ಮೈಸೂರು ಅರಮನೆಯ ಬ್ಯಾಂಡಿಲಿ ಅದರ ಕೇಳಿ. ಕೀಲಿ ಒತ್ತುವ ವಾದ್ಯಲ್ಲಿ ಗಮಕ ಹೇಂಗೆ ಬಪ್ಪದು ಹೇಳ್ತ ಪ್ರಶ್ನೆಗೆ ವರ್ಷಗಟ್ಟಲೆ ಸಾಧನೆ ಮಾಡಿ ಉತ್ತರ ಕೊಟ್ಟವು. 1980ರಲ್ಲಿ ಬೊಂಬಾಯಿಯ ಜಾಸ್ ಉತ್ಸವಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರ ಕೇಳಿ ಒಟ್ಟಿಂಗೆ ನುಡಿಸಿದವು. 1994ರಲ್ಲಿ ಲಂಡನಿನ ಬಿ.ಬಿ.ಸಿ. ಪ್ರಾಮ್ಸಿಲಿ ಗೋಪಾಲನಾಥರ ಕಛೇರಿ ಆತು. 2008ರಲ್ಲಿ ಅಮೆರಿಕದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಒಟ್ಟಿಂಗೆ 'ಕಿನ್ಸ್‌ಮೆನ್' ಹೇಳ್ತ ಆಲ್ಬಂ ಬಂತು. ಅದರಲ್ಲಿ ಎರಡು ಸ್ಯಾಕ್ಸೋಫೋನಿನ ಎಡೆಲಿ ನಮ್ಮದು ಏವದು, ಅವರದ್ದು ಏವದು ಹೇಳಿ ಗೊಂತು ಮಾಡುದೇ ಒಂದು ಕೊಶಿ.

ಇದರ ತಿರುಗು ಹೊಡೆಂದ ಬಂದವು ಚಾರ್ಲಿ ಮಾರಿಯಾನೊ. 1963ರಲ್ಲಿ ಚಾರ್ಲ್ಸ್ ಮಿಂಗಸಿನ ಹೆಸರುವಾಸಿ ಆಲ್ಬಮಿಲಿ ಆಲ್ಟೊ ನುಡಿಸಿದವು ಇವು. ಮತ್ತೆ ನಾಗಸ್ವರ ಕಲ್ತವು. ನಾಗಸ್ವರದ ಮನೆಯವು ಸ್ಯಾಕ್ಸೋಫೋನಿಂಗೆ ಹೋದವು, ಸ್ಯಾಕ್ಸೋಫೋನಿನವು ನಾಗಸ್ವರಕ್ಕೆ ಬಂದವು! ಬೆಂಗಳೂರಿಲಿ ಟಿ.ಎ.ಎಸ್. ಮಣಿ 1964ರಲ್ಲಿ ಸುರು ಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಒಟ್ಟಿಂಗೆ ಮಾರಿಯಾನೊ 1983ರಲ್ಲಿ 'ಜ್ಯೋತಿ' ಹೇಳ್ತ ಆಲ್ಬಂ ಮಾಡಿದವು. ಹಾಡಿದ್ದು ಆರ್.ಎ. ರಮಾಮಣಿ.

ಕೇಳುವ ಕ್ರಮ ಹಾಂಗಾರೆ ಹೀಂಗೆ ಮಡಿಕ್ಕೊಂಬಲಕ್ಕು. ಒಂದು ವಾರ 'ಫೈನ್ ಅಂಡ್ ಮೆಲ್ಲೋ', ದಿನಕ್ಕೆ ಒಂದರಿ, ತಾಳ ಹಾಕಿಗೊಂಡು. ಮತ್ತಾಣ ವಾರ 'ಸೋ ವಾಟ್'. ಅದಾದ ಮೇಲೆ 'ಬಾಡಿ ಅಂಡ್ ಸೋಲ್'. ಅಷ್ಟಪ್ಪಗ ಕೆಮಿ ಹೊಂದಿಗೊಂಡಿರ್ತು. ಹಿಂದೆ ಹೋಗಿ 1928ರ ಆರ್ಮ್‌ಸ್ಟ್ರಾಂಗಿನ 'ವೆಸ್ಟ್ ಎಂಡ್ ಬ್ಲೂಸ್' ಕೇಳಿ, ಅಲ್ಲಿಂದಲೂ ಹಿಂದೆ 1923ರ ಕಿಂಗ್ ಆಲಿವರ್. ಗೋಡೆಯ ಆಚೆ ಹೊಡೆಂದ ಕೇಳಿದ ಹಾಂಗೆ ಇಪ್ಪ ಆ ಸ್ವರಲ್ಲಿ ದೂರ ನಿಲ್ಸಿದ ಮಾಣಿ ಏವದು ಹೇಳಿ ಆಗ ಗುರ್ತ ಸಿಕ್ಕುಗು. ಮುಂದೆ ಹೋಪಲೆ ಕೋಲ್ಟ್ರೇನಿನ 'ಎ ಲವ್ ಸುಪ್ರೀಮ್' ಇದ್ದು. 1964 ಡಿಸೆಂಬರಿಲಿ ಒಂದೇ ದಿನಲ್ಲಿ ನುಡಿಸಿದ ಪ್ರಾರ್ಥನೆ ಅದು. ರವಿಶಂಕರರ ಮೇಲಾಣ ಗೌರವಲ್ಲಿ ಮಗಂಗೆ ರವಿ ಹೇಳಿ ಹೆಸರು ಮಡಗಿದವು ಅವು.

ಮನಸ್ಸಿಂಗೆ ಹಿಡುದ್ದಿಲ್ಲೆ ಹೇಳಿ ಆದರೆ ಅದರ ಬಿಟ್ಟು ಇನ್ನೊಂದು ಕೇಳಿ, ತಪ್ಪೆಂತ ಇಲ್ಲೆ. ಆದರೆ ಕೆಲಸ ಮಾಡಿಗೊಂಡು ಹಿಂದಂದ ಹಾಕುವ ಸಂಗೀತ ಹೇಳಿ ಮಾಂತ್ರ ಗ್ರೇಶೆಡಿ. ಧಾರೆಯ ಹೊತ್ತಿಲಿ ಸ್ಯಾಕ್ಸೋಫೋನು ನುಡಿಸುವವರ ನಾವು ಒಂದರಿಯಾದರೂ ತಿರುಗಿ ನೋಡಿದ್ದೋ? ಅವರ ಕಡೆಂಗೂ ರಜ್ಜ ಕೆಮಿ ಕೊಡುವ.